ಅಮ್ಮನ ದನಿಯಲ್ಲಿ ಅಪಾಯಿಂಟ್‌ಮೆಂಟ್

“ಮಿಂಚು ಬಂತು. ಓಡು, ಬಟ್ಟೆ ತೆಗಿ,” ಅಂದರು ಅಜ್ಜ.

ಟೇಪು ಮತ್ತೆ ಮಹಡಿಗೆ ಓಡಿದಳು. ಆಕಾಶ ಆಗತಾನೆ ತೊಳೆದು ಬೋರಲು ಹಾಕಿದ ಪಾತ್ರೆಯ ಹಾಗೆ ಫಳಫಳ ಅನ್ನುತ್ತಿತ್ತು. ಔಷಧಿಗೆ ಬೇಕೆಂದರೂ ಒಂದು ಮೋಡ ಇರಲಿಲ್ಲ. ಬೆಳಗ್ಗೆಯಿಂದ ಅಜ್ಜ ಹೀಗೆ ಓಡಿಸಿದ್ದು ಇದು ಎರಡನೇ ಸಲ. ಅಮ್ಮನ ಯೂನಿಫಾರ್ಮ್ ಪ್ಯಾಂಟು ಒಂದು ಸಲ ಒಳಗೆ, ಒಂದು ಸಲ ಹೊರಗೆ ಅಂತ ಅಲೆದಾಡಿ, ಒಣಗಬೇಕೋ ಬೇಡವೋ ಗೊತ್ತಾಗದೆ ಪೆಚ್ಚುಮೋರೆ ಹಾಕಿಕೊಂಡು ನೇತಾಡುತ್ತಿತ್ತು.

“ಅಜ್ಜ, ಹೊರಗೆ ಸುಡುಬಿಸಿಲು,” ಅಂದಳು ಕೆಳಗೆ ಬಂದು.

“ಹಾಗಾದ್ರೆ ಯಾರೋ ಫ್ಲ್ಯಾಶ್ ಹಾಕಿ ನನ್ನ ಫೋಟೋ ತೆಗೆದಿರಬೇಕು. ನಾನು ಚೆನ್ನಾಗಿದ್ದೀನಲ್ಲ.”

ಅಜ್ಜ ವಾಚ್ ರಿಪೇರಿ ಮಾಡುವವರು. ಅಂಗಡಿ ಯಾವತ್ತೋ ಮುಚ್ಚಿತ್ತು, ಆದರೆ ಕಿಟಕಿ ಪಕ್ಕದ ಮೇಜಿನ ಮೇಲೆ ಯಾವಾಗಲೂ ಒಂದು ವಾಚು ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿತ್ತು. ಸಾಸಿವೆಗಿಂತ ಸಣ್ಣ ಸ್ಕ್ರೂ ಕೂಡ ಅಜ್ಜನ ಕಣ್ಣು ತಪ್ಪಿಸಿ ಉರುಳುವಂತಿರಲಿಲ್ಲ.

ಇವತ್ತು ಮಾತ್ರ ಅಜ್ಜ ಸ್ಕ್ರೂ ಬಿಟ್ಟು ಗಾಳಿ ಹಿಡಿಯುತ್ತಿದ್ದರು. ಮೂಗಿನ ಮುಂದೆ ಪಟ್ ಅಂತ ಒಂದು ಚಪ್ಪಾಳೆ, ಕಿವಿಯ ಹತ್ತಿರ ಇನ್ನೊಂದು. ಇದೆಂಥ ಸೊಳ್ಳೆಯೋ, ಹೊಡೆದರೂ ಸಾಯಲ್ಲ, ಕಣ್ಣು ತಿರುಗಿಸಿದ ಕಡೆಗೇ ಹಾರುತ್ತೆ ಅಂತ ಗೊಣಗಿದರು.

ಟೇಪು ಅಜ್ಜನ ಹಾಗೇ ಕತ್ತು ಸೊಟ್ಟ ಮಾಡಿ, ಅಜ್ಜನ ಹಾಗೇ ಗೊಣಗಿ, ಪಟ್ ಅನ್ನಿಸಿದಳು. ಅವಳ ನಿಜವಾದ ಹೆಸರು ಬೇರೆ. ಕೇಳಿದ್ದನ್ನು ಕೇಳಿದ ಹಾಗೇ ತಿರುಗಿ ಒಪ್ಪಿಸುತ್ತಾಳೆ ಅಂತ ಅಜ್ಜ ‘ಟೇಪ್ ರೆಕಾರ್ಡರ್’ ಅಂತ ಕರೆದಿದ್ದರು. ಕರೆದು ಕರೆದು ಹೆಸರು ಸವೆದು ಟೇಪು ಆಗಿತ್ತು. ಹೆಡ್‌ಮಿಸ್ಸಿನ ಕೆಮ್ಮು, ಪಕ್ಕದ ಮನೆಯ ಮಿಕ್ಸಿ, ಸ್ಟಾರ್ಟ್ ಆಗದ ಸ್ಕೂಟರ್, ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆ ಇಲ್ಲದೆ ವಾಸವಾಗಿದ್ದವು.

ಅವಳ ನಗು ಅರ್ಧಕ್ಕೇ ನಿಂತಿತು. ಅಜ್ಜ ಚಿಮಟದಿಂದ ಒಂದು ಸ್ಕ್ರೂ ಎತ್ತಲು ನೋಡುತ್ತಿದ್ದರು. ಎತ್ತುತ್ತಾರೆ, ಬರುವುದಿಲ್ಲ. ಮತ್ತೆ ಎತ್ತುತ್ತಾರೆ. ಟೇಪು ಬಗ್ಗಿ ನೋಡಿದಳು. ಅಲ್ಲಿ ಸ್ಕ್ರೂ ಇರಲೇ ಇಲ್ಲ.

ಡಾಕ್ಟರ ಹತ್ತಿರ ಹೋಗೋಣ ಅಂದಳು. ವಯಸ್ಸಾದ ಮೇಲೆ ಕಣ್ಣು ಹೀಗೆಲ್ಲ ತುಂಟಾಟ ಮಾಡುತ್ತೆ, ಹೊಸ ಕನ್ನಡಕ ಹಾಕಿಸಿದರೆ ಬಾಯಿ ಮುಚ್ಚಿಕೊಂಡಿರುತ್ತೆ ಅಂದರು ಅಜ್ಜ. ಅಮ್ಮನ ಕಿವಿಗೆ ಹಾಕಬೇಡ ಅಂತಲೂ ಹೇಳಿದರು.

ಹಾಕೋಣ ಅಂದರೂ ಅಮ್ಮನ ಕಿವಿ ಸಿಗುವಂತಿರಲಿಲ್ಲ. ಅಮ್ಮ ಸಿಟಿ ಬಸ್ ಡ್ರೈವರ್. ಸ್ಟೇರಿಂಗ್ ಹಿಡಿದರೆ ಫೋನ್ ಆಫ್. ಅಪ್ಪ ಕೆಲಸದ ಮೇಲೆ ದೂರದ ಊರಿನಲ್ಲಿದ್ದರು.

ರಸ್ತೆ ತಿರುವಿನ ಕ್ಲಿನಿಕ್ಕಿನ ನಂಬರ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿತ್ತು. ಟೇಪು ಮನೆ ಫೋನ್ ತಗೊಂಡು ಅಡುಗೆಮನೆಗೆ ಹೋದಳು. ಮಕ್ಕಳ ದನಿ ಕೇಳಿದರೆ ‘ದೊಡ್ಡವರಿಗೆ ಕೊಡಮ್ಮ’ ಅಂತಾರೆ, ಅದು ಅವಳಿಗೆ ಗೊತ್ತು. ಗಂಟಲು ಸರಿಮಾಡಿಕೊಂಡಳು. ಅಮ್ಮ ಆದಳು.

“ನಮಸ್ಕಾರ, ನಿಮಗೆ ತೊಂದರೆ ಕೊಡ್ತಾ ಇದ್ದೀನಿ. ನಮ್ಮ ತಂದೆಯವರ ಕಣ್ಣು ತೋರಿಸಬೇಕಿತ್ತು.”

ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದವರನ್ನು ಗುಡುಗಿ ಒಳಗೆ ಕಳಿಸುವ ಅಮ್ಮ, ಫೋನಿನಲ್ಲಿ ಮಾತ್ರ ಬೆಣ್ಣೆ.

ಅರ್ಜೆಂಟ್ ಇದೆಯಾ ಮೇಡಂ ಅಂತ ಕೇಳಿದರು ಕ್ಲಿನಿಕ್ಕಿನ ರಿಸೆಪ್ಷನಿಸ್ಟ್.

“ಛೆ ಛೆ, ಅರ್ಜೆಂಟ್ ಏನಿಲ್ಲ. ನಿಮಗೆ ಅನುಕೂಲ ಆದಾಗ.”

ಹಾಗಾದರೆ ಮುಂದಿನ ಶುಕ್ರವಾರ ಅಂದರು ಅವರು.

“ಪರವಾಗಿಲ್ಲ, ಪರವಾಗಿಲ್ಲ. ತುಂಬಾ ಉಪಕಾರ ಆಯ್ತು.”

ಫೋನಿಟ್ಟು ಟೇಪು ಬೀಗಿದಳು. ಸಾಕ್ಷಾತ್ ಅಮ್ಮನೇ. ಆಮೇಲೆ ಫೋನಿನ ಕಡೆ ಮತ್ತೆ ತಿರುಗಿ ನೋಡಿದಳು. ಅರ್ಜೆಂಟ್ ಏನಿಲ್ಲ ಅಂದದ್ದು ಯಾರು? ಅವಳಿಗೆ ಹಾಗೆ ಅನ್ನಿಸಿರಲಿಲ್ಲ. ಅಮ್ಮ ಯಾವಾಗಲೂ ಹಾಗೇ ಅನ್ನುತ್ತಾಳೆ. ಭುಜ ನೋವಿನಿಂದ ತಲೆ ಬಾಚಿಕೊಳ್ಳಲು ಆಗದಿದ್ದಾಗಲೂ ಹಾಗೇ ಅಂದಿದ್ದಳು. ದನಿಯ ಹಿಂದೆಯೇ ಮಾತೂ ಬಂದುಬಿಟ್ಟಿತ್ತು.

“ಟೇಪು, ಕಿಟಕಿ ಹಾಕು. ಸೊಳ್ಳೆ ಹಿಂಡೇ ಬಂತು,” ಅಂದರು ಅಜ್ಜ.

ಕಿಟಕಿ ಹಾಕಿಯೇ ಇತ್ತು. ಹಾಗಂತ ಹೇಳಿದಾಗ ಅಜ್ಜ ಚಿಮಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಈ ಸಲ ಜೋಕು ಬರಲಿಲ್ಲ.

“ವಾಚಿನ ಮುಳ್ಳು ಕಾಣದೇ ಹೋದರೆ ನಾನು ಈ ಮೇಜಿನ ಹತ್ರ ಕೂತು ಏನ್ ಮಾಡ್ಲಿ?” ಅಂದರು.

ಟೇಪು ಮತ್ತೆ ಅದೇ ನಂಬರ್ ಒತ್ತಿದಳು. ಗಂಟಲು ಸರಿಮಾಡಿಕೊಳ್ಳಲಿಲ್ಲ. ಅದಕ್ಕೇ ದನಿ ದಾರದ ಹಾಗೆ ಸಣ್ಣಗೆ ಬಂತು.

“ಆಂಟಿ, ಆಗಲೇ ಮಾತಾಡಿದ್ದು ಅಮ್ಮ ಅಲ್ಲ. ನಾನು, ಐದನೇ ಕ್ಲಾಸು. ಅರ್ಜೆಂಟ್ ಇಲ್ಲ ಅಂದೆ. ಇದೆ.”

ದೊಡ್ಡವರಿಗೆ ಕೊಡು ಅಂತಾರೆ ಅಂತ ಟೇಪು ಕಣ್ಣು ಮುಚ್ಚಿಕೊಂಡಳು.

“ಸರಿ ಪುಟ್ಟ. ಅಜ್ಜ ಪಕ್ಕದಲ್ಲೇ ಇದ್ದಾರಾ? ನೀನು ನೋಡಿದ್ದನ್ನ ನೋಡಿದ ಹಾಗೇ ಹೇಳು.”

ನೋಡಿದ್ದನ್ನು ನೋಡಿದ ಹಾಗೇ ಹೇಳುವುದು ಟೇಪುಗೆ ಬರುವ ಕೆಲಸವೇ. ಮೋಡ ಇಲ್ಲದ ಮಿಂಚು, ಹೊಡೆದರೂ ಸಾಯದ ಸೊಳ್ಳೆ, ಇಲ್ಲದ ಸ್ಕ್ರೂ, ಎಲ್ಲ ಹೇಳಿದಳು. ಅಮ್ಮ ಬಸ್ ಓಡಿಸುತ್ತಿದ್ದಾಳೆ, ಫೋನ್ ಆಫ್ ಅಂತಲೂ ಹೇಳಿದಳು. ರಿಸೆಪ್ಷನಿಸ್ಟ್ ಕೇಳಿದ ಪ್ರಶ್ನೆಗಳನ್ನು ಅಜ್ಜನಿಗೆ ದಾಟಿಸಿದಳು. ಯಾವ ಕಣ್ಣು? ಬಲಗಣ್ಣು. ಯಾವಾಗಿನಿಂದ? ಇವತ್ತು ಎದ್ದಾಗಿನಿಂದ. ಮೂಲೆಯಲ್ಲಿ ಪರದೆ ಬಿದ್ದ ಹಾಗೆ ಕಪ್ಪಗಿದೆಯಾ? ಇಲ್ಲ.

ಅವರು ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದರು. ಇದಕ್ಕೆ ನಮ್ಮ ಕ್ಲಿನಿಕ್ ಅಲ್ಲ, ಕನ್ನಡಕದ ಅಂಗಡಿಯಂತೂ ಅಲ್ಲವೇ ಅಲ್ಲ ಅಂದರು. ಕಣ್ಣಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಬೇಕು, ಅಲ್ಲಿ ಅಪಾಯಿಂಟ್‌ಮೆಂಟ್ ಬೇಕಾಗಿಲ್ಲ, ಇವತ್ತೇ, ಈಗಲೇ ಹೋಗಬೇಕು. ನಾನೂ ಅಲ್ಲಿಗೆ ಫೋನ್ ಮಾಡಿ ಹೇಳಿರ್ತೀನಿ. ಅಮ್ಮನನ್ನು ಕರೆಸೋಕೆ ಬಸ್ ಡಿಪೋಗೆ ಫೋನ್ ಮಾಡ್ತೀಯಾ?

“ಮಾಡ್ತೀನಿ.”

“ಯಾರ ದನಿಯಲ್ಲಿ?”

“ನಂದೇ,” ಅಂದಳು ಟೇಪು.

ಡಿಪೋದವರು ಬಸ್ಸಿಗೆ ಬೇರೆ ಡ್ರೈವರನ್ನು ಕಳಿಸಿದರು. ಅಮ್ಮ ಟ್ಯಾಕ್ಸಿಯಲ್ಲಿ ಬಂದು ಇಬ್ಬರನ್ನೂ ಹತ್ತಿಸಿಕೊಂಡಳು. ಆಸ್ಪತ್ರೆಯ ದಾರಿಯುದ್ದಕ್ಕೂ ಅವಳ ಬಲಗಾಲು ಇಲ್ಲದ ಆಕ್ಸಿಲರೇಟರನ್ನು ಒತ್ತುತ್ತಲೇ ಇತ್ತು.

ಆಸ್ಪತ್ರೆಯಲ್ಲಿ ಅಜ್ಜನ ಕಣ್ಣಿಗೆ ಹನಿ ಹಾಕಿ, ಗದ್ದ ಒಂದು ಮಷೀನಿನ ಮೇಲಿಡಿಸಿ, ಕಣ್ಣಿನ ಡಾಕ್ಟರ್ ತುಂಬಾ ಹೊತ್ತು ಇಣುಕಿದರು. ಅಮ್ಮ ಟೇಪುವಿನ ಕೈಯನ್ನು ಸ್ಟೇರಿಂಗ್ ಹಿಡಿದ ಹಾಗೆ ಹಿಡಿದಿದ್ದಳು.

ಕಣ್ಣಿನ ಒಳಪರದೆ ಅಂಚಿನಲ್ಲಿ ಚೂರು ಹರಿದಿದೆ, ಪುಣ್ಯಕ್ಕೆ ಇನ್ನೂ ಕಿತ್ತುಬಂದಿಲ್ಲ ಅಂದರು ಡಾಕ್ಟರ್. ಹರಿದ ಕಡೆ ಸುತ್ತ ಲೇಸರಿನಿಂದ ಹೊಲಿಗೆ ಹಾಕಿದ ಹಾಗೆ ಭದ್ರ ಮಾಡಿಬಿಡ್ತೀನಿ. ವಾರ ಬಿಟ್ಟು ಬಂದಿದ್ದರೆ ಕಷ್ಟ ಆಗ್ತಿತ್ತು.

ಸಂಜೆ ಹೊತ್ತಿಗೆ ಅದೂ ಮುಗಿಯಿತು. ಅಜ್ಜ ಕಪ್ಪು ಕನ್ನಡಕ ಹಾಕಿಕೊಂಡು ಹೊರಗೆ ಬಂದರು. “ಇಷ್ಟು ವರ್ಷ ನಾನು ರಿಪೇರಿ ಮಾಡ್ತಿದ್ದೆ, ಇವತ್ತು ನಾನೇ ರಿಪೇರಿಗೆ ಬಂದೆ. ಗ್ಯಾರಂಟಿ ಎಷ್ಟು ವರ್ಷ ಡಾಕ್ಟ್ರೇ?”

ಕಣ್ಣೊಳಗಿನ ಈ ಮಿಂಚು, ಸೊಳ್ಳೆ ಇನ್ನೂ ಸ್ವಲ್ಪ ದಿನ ಇರಬಹುದು, ಹೆಚ್ಚಾದರೆ ಮಾತ್ರ ಆ ಕ್ಷಣವೇ ಬನ್ನಿ ಅಂತ ಡಾಕ್ಟರ್ ನಕ್ಕರು. ಅಮ್ಮ ಟ್ಯಾಕ್ಸಿ ಹತ್ತಿದಾಗಿನಿಂದ ಕೂಡಿಟ್ಟಂತಿದ್ದ ಉಸಿರನ್ನು ಬಿಟ್ಟಳು. ಬಸ್ಸಿನ ಬಾಗಿಲು ತೆರೆದ ಹಾಗೆ ಉಸ್ಸ್ ಅಂತ ಕೇಳಿಸಿತು.

ಮನೆಗೆ ಬಂದ ಮೇಲೆ, ನನ್ನ ಹಾಗೆ ಮಾತಾಡಿದೆಯಂತಲ್ಲ, ಎಲ್ಲಿ ಮಾಡು ನೋಡೋಣ ಅಂದಳು ಅಮ್ಮ.

ಟೇಪು ಹಿಂದೆ ಮುಂದೆ ನೋಡಿದಳು. ಆಮೇಲೆ ಮೆಲ್ಲಗೆ, “ಛೆ ಛೆ, ಅರ್ಜೆಂಟ್ ಏನಿಲ್ಲ. ನಿಮಗೆ ಅನುಕೂಲ ಆದಾಗ.”

ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮನೂ ನಕ್ಕಳು. ನಗುತ್ತಾ ನಗುತ್ತಾ ಅಜ್ಜನ ಕಡೆ ತಿರುಗಿದಳು.

“ನಾನು ಹಾಗೇ ಅಂತೀನಾ ಅಪ್ಪಾ?”

“ಒಂದಕ್ಷರ ಆಚೀಚೆ ಇಲ್ಲ,” ಅಂದರು ಅಜ್ಜ.

ಮರುದಿನ ಬೆಳಗ್ಗೆ ಟೇಪು ಹಲ್ಲುಜ್ಜುತ್ತಿದ್ದಳು. ಅಡುಗೆಮನೆಯಲ್ಲಿ ಅಮ್ಮ ಫೋನ್ ಹಿಡಿದಿದ್ದಳು. ಇನ್ನೊಂದು ಕೈ ಭುಜದ ಮೇಲಿತ್ತು.

“ನಮಸ್ಕಾರ, ಭುಜ ತೋರಿಸಬೇಕಿತ್ತು. ಮುಂದಿನ ವಾರವಾ? ಪರವಾ…” ಅಮ್ಮ ನಿಲ್ಲಿಸಿದಳು. “ಇಲ್ಲ ಮೇಡಂ. ತಿಂಗಳಿಂದ ನೋವು. ಕೈ ಮೇಲೆತ್ತೋಕೆ ಆಗ್ತಿಲ್ಲ. ಬೇಗ ಬೇಕು.”

ಟೇಪು ಬ್ರಷ್ ಆಡಿಸುವುದನ್ನು ನಿಲ್ಲಿಸಿ, ಕಿವಿ ನೆಟ್ಟಗೆ ಮಾಡಿ ಕೇಳಿದಳು. ಅಮ್ಮನ ಈ ದನಿ ಅವಳ ಹತ್ತಿರ ಇರಲಿಲ್ಲ.