ನಲವತ್ತೆರಡನೇ ಪುಟದ ಟೇಬಲ್

ಸೀಲ್ ಸಾಹೇಬರು ಪುಸ್ತಕದ ಮೊದಲ ಪುಟ ತಿರುಗಿಸಿದಾಗಲೇ ನನಗೆ ನೆನಪಾದದ್ದು. ನಲವತ್ತೆರಡನೇ ಪುಟ. ಅಳಿಸಿಯೇ ಇಲ್ಲ.

ಸೀಲ್ ಸಾಹೇಬರೆಂದರೆ ನಮ್ಮ ಕಾಲೇಜಿನ ಫೈನಲ್ ಇಯರ್ ಹುಡುಗ. ಮಧ್ಯಾಹ್ನ ಲೈಬ್ರರಿ ಕೌಂಟರಿನಲ್ಲಿ ಕೂತು ಸೀಲು ಒತ್ತುತ್ತಾನೆ. ಹೆಸರು ನಾನಿಟ್ಟದ್ದು, ಅವನಿಗೆ ಗೊತ್ತಿಲ್ಲ.

ಹದಿನೈದು ದಿನದ ಹಿಂದೆ, ಡೇಟಾಬೇಸ್ ಮೊದಲಿಂದ ಕಲಿಯಲು ಒಂದು ಪುಸ್ತಕ ಬೇಕೆಂದು ಕೇಳಿದ್ದೆ. ಅವನು ನಾಲ್ಕು ಪುಸ್ತಕ ಸಾಲಾಗಿಟ್ಟು, ಪ್ರತಿಯೊಂದರ ಎರಡು ಪುಟ ಅಲ್ಲೇ ಓದಿಸಿದ. ದಿಂಬಿನಷ್ಟು ದಪ್ಪಗಿದ್ದ ಎರಡಕ್ಕೂ ಆಕಳಿಸಿದೆ. ಮೂರನೆಯದರಲ್ಲಿ ಬರೀ ಕಮಾಂಡುಗಳು. ನಾಲ್ಕನೆಯದು ತೆಳ್ಳಗೆ, ಒಂದು ಬೇಕರಿಯ ಕಥೆಯಂತೆ ಶುರುವಾಗುತ್ತಿತ್ತು. ನನಗೇ ತಿಳಿಯದೆ ಮೂರನೇ ಪುಟಕ್ಕೆ ಹೋಗಿದ್ದೆ. ಇದೇ ನಿಮ್ಮ ಪುಸ್ತಕ ಎಂದು ನಕ್ಕ. ಆ ನಗುವೇ ಎಡವಟ್ಟಾಯಿತು.

ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಮೇಲೆ ಟೇಬಲ್ ಬರೆಯಿರಿ ಎಂದಿತ್ತು ನಲವತ್ತೆರಡನೇ ಪುಟದ ಅಭ್ಯಾಸದಲ್ಲಿ. ಪುಟದ ಕೆಳಗೆ ಪೆನ್ಸಿಲ್ಲಿನಲ್ಲಿ ಬರೆದೆ: ವಾರ, ಸೀಲ್ ಸಾಹೇಬರ ಶರ್ಟ್, ನಕ್ಕರಾ, ನಾನಂದ್ರೆ ಇಷ್ಟಾನಾ. ದಿನಕ್ಕೊಂದು ಸಾಲು ತುಂಬಿದೆ, ಕೊನೆಯ ಕಾಲಮ್ ಮಾತ್ರ ಪೂರ್ತಿ ಖಾಲಿ.

ರಿನ್ಯೂ ಮಾಡಲು ತಂದರೂ ಲೈಬ್ರರಿಯಲ್ಲಿ ಪ್ರತಿ ಪುಟ ನೋಡುತ್ತಾರೆ. ಗೀಚಿದ್ದರೆ ಕಾರ್ಡ್ ರದ್ದು. ಪರೀಕ್ಷೆ ಹಾಳಾಗಲಿ, ಈ ಕೌಂಟರಿಗೆ ಬರುವ ನೆಪವೇ ಹೋಗುತ್ತದೆ.

ಮೂವತ್ತು. ಮೂವತ್ತೈದು. ಏನೂ ಬರೆದಿಲ್ಲ, ನೋಡುವುದು ಬೇಡ ಎಂದುಬಿಟ್ಟೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಳಂತೆ," ಜೊತೆಗೆ ಬಂದಿದ್ದ ಅಕ್ಕ ಕಿವಿಯಲ್ಲಿ ಪಿಸುಗುಟ್ಟಿದಳು.

ನಲವತ್ತೆರಡು.

ಅವನ ಬೆರಳು ನಿಂತಿತು. ಕೈ ರಬ್ಬರಿನತ್ತ ಹೋಗಿ ಅರ್ಧಕ್ಕೇ ತಡೆದುಕೊಂಡಿತು. ಅವನು ತನ್ನ ಶರ್ಟ್ ನೋಡಿಕೊಂಡ. ನನ್ನನ್ನು ನೋಡಿದ. ಅವನ ಕಿವಿಯೆರಡೂ ಕೆಂಪು.

"ಮಂಗಳವಾರ ಹಸಿರಲ್ಲ, ನೀಲಿ."

"ಕಾರ್ಡ್ ತಗೊಂಡ್ಬಿಡ್ತೀರಾ?"

"ಡೇಟಾಬೇಸಲ್ಲಿ ಖಾಲಿ ಬಿಟ್ರೆ 'ಇಲ್ಲ' ಅಂತಲ್ಲ, 'ಗೊತ್ತಿಲ್ಲ' ಅಂತ. ಮೂರನೇ ಪಾಠ ಓದಿಲ್ವಾ?"

"ಓದಿದೀನಿ. ಗೊತ್ತಿಲ್ಲ ಅಂತಾನೇ ಬಿಟ್ಟಿದ್ದು."

ಅವನು ಪೆನ್ಸಿಲ್ ತೆಗೆದ. ಏನೋ ಬರೆದು, ಪುಸ್ತಕ ಮುಚ್ಚಿ, ಇನ್ನೂ ಹದಿನೈದು ದಿನಕ್ಕೆ ಸೀಲು ಒತ್ತಿದ.

"ಮನೇಲಿ ನೋಡಿ. ನೋಡಿ ಅಳಿಸ್ಬಿಡಿ, ಇಲ್ಲಾಂದ್ರೆ ನನ್ ಕೆಲಸ ಹೋಗತ್ತೆ."

ಮನೆ ತನಕ ಯಾರು ತಡೆದಾರು? ಲೈಬ್ರರಿ ಬಾಗಿಲು ದಾಟುತ್ತಲೇ ತೆರೆದೆ. ಖಾಲಿ ಕಾಲಮ್ಮಿಗೆ ಮೇಲಿಂದ ಕೆಳಗಿನವರೆಗೂ ಒಂದೇ ಉದ್ದ ಗೆರೆ, ಪಕ್ಕದಲ್ಲಿ ಅವನ ಪುಟ್ಟ ಅಕ್ಷರ:

ಎಲ್ಲಾ ಸಾಲಿಗೂ ಹೌದು.