ಹುಸ್ನಾ ಬಿದ್ದ ಸಂಜೆ

"ಅಲುಗಾಡಬ್ಯಾಡವಾ, ಬೈತಲಿ ಸೊಟ್ಟ ಆಗತೈತಿ," ಎಂದಳು ಅವ್ವ.

ಹೇಳಿದ್ದು ಶೈಲಶ್ರೀಗಲ್ಲ, ಹುಸ್ನಾಗೆ. ಶೈಲಶ್ರೀ ತನ್ನ ಜಡೆ ಬಿಚ್ಚಿಕೊಂಡು ಆಗಿನಿಂದ ಪಕ್ಕದಲ್ಲೇ ಕಾಯುತ್ತಿದ್ದಳು. ಇವತ್ತು ಸಂಜೆ ಅವಳ ಶಾಲೆಯ ಗ್ಯಾದರಿಂಗ್, ವರ್ಷಕ್ಕೊಮ್ಮೆ ಬರುವ ಹಬ್ಬ. ಅವಳ ಕುಣಿತ ನೋಡಲು ಬರುತ್ತೇನೆಂದು ಅವ್ವ ಮೊದಲ ಸಲ ಮಾತು ಕೊಟ್ಟಿದ್ದಳು.

ಅವ್ವ ರಾಜೇಶ್ವರಿ ಕೆಲಸ ಮಾಡುವುದು ರೋಣದ ಈ ವಸತಿ ಮನೆಯಲ್ಲಿ. ಹುಸ್ನಾಳಂತೆ ನಡೆಯಲು ಕಷ್ಟವಿರುವ ಮಕ್ಕಳು ಇಲ್ಲೇ ಇದ್ದು ಓದುತ್ತಾರೆ. ಅವರ ಸ್ನಾನ, ಊಟ, ಜಡೆ ಎಲ್ಲ ಅವ್ವನದೇ. ಶಾಲೆ ಬಿಟ್ಟ ಮೇಲೆ ಶೈಲಶ್ರೀಯೂ ಇಲ್ಲಿಗೆ ಬಂದು ಮೂಲೆಯಲ್ಲಿ ಕೂರುತ್ತಾಳೆ. ಅವ್ವ ಹುಸ್ನಾಳ ಕೆನ್ನೆ ಸವರಿದ್ದು, ಅವಳ ತಟ್ಟೆಗೆ ರೊಟ್ಟಿ ಮುರಿದು ಹಾಕಿದ್ದು, ಒಂದೂ ಶೈಲಶ್ರೀಯ ಕಣ್ಣು ತಪ್ಪುವುದಿಲ್ಲ. ಮನೆಗೆ ಹೋಗುವ ಹೊತ್ತಿಗೆ ಅವ್ವನಲ್ಲಿ ಬರೀ ಸುಸ್ತು ಉಳಿದಿರುತ್ತದೆ.

ಇಬ್ಬರ ಜಡೆಯೂ ಮುಗಿಸಿ ಅವ್ವ ಸೀರೆ ಬದಲಿಸಲು ಒಳಗೆ ಹೋದಳು. ಹುಸ್ನಾ ವಾಕರ್ ಹಿಡಿದು ಪಡಸಾಲೆ ದಾಟುತ್ತಿದ್ದಳು. ನೆಲ ಹಸಿಯಿತ್ತೋ ಏನೋ, ವಾಕರ್ ಜಾರಿತು. ಹುಸ್ನಾ ದೊಪ್ಪೆಂದು ಬಿದ್ದಳು.

ಅಡುಗೆಯ ಗುಡ್ಡವ್ವ ಓಡಿ ಬಂದು ಅವಳ ಕಂಕುಳಿಗೆ ಕೈ ಹಾಕಿದಳು. ಬಿದ್ದವರನ್ನು ಲಗೂನೆ ಎಬ್ಬಿಸಿ ನೀರು ಕುಡಿಸುವುದೇ ಅವಳಿಗೆ ರೂಢಿ.

"ಎತ್ತಬ್ಯಾಡ ಆಯಿ," ಎಂದಳು ಶೈಲಶ್ರೀ.

ಹುಸ್ನಾ ಬಿದ್ದಾಗಲೆಲ್ಲ ಅವ್ವ ಕೂಡಲೇ ಎತ್ತುತ್ತಿರಲಿಲ್ಲ. ಮೊದಲು ನೆಲದ ಮೇಲೆ ಕೂತು ಎಲ್ಲಿ ನೋವು ಎಂದು ಕೇಳುತ್ತಿದ್ದಳು. ಅದನ್ನೂ ಶೈಲಶ್ರೀ ಹೊಟ್ಟೆಕಿಚ್ಚಿನಿಂದಲೇ ನೋಡಿದ್ದಳು. ಈಗ ತಾನೇ ಹುಸ್ನಾಳ ತಲೆಯ ಹತ್ತಿರ ಕೂತಳು.

"ತಲಿಗೆ ಬಡೀತೇನ?"

"ಇಲ್ಲ. ತೊಡಿ ನೋಯಾಕತ್ತೈತಿ."

ಹುಸ್ನಾ ತುಟಿ ಕಚ್ಚಿಕೊಂಡಿದ್ದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. "ಸುಮ್ನ ಎಬ್ಬಿಸಿಬಿಡ್ರಿ. ರಾಜಕ್ಕಗ ಹೇಳಬ್ಯಾಡ್ರಿ. ಹೇಳಿದ್ರ ಆಕಿ ನಿನ್ನ ಕುಣಿತಕ್ಕ ಬರಂಗಿಲ್ಲ, ಶೈಲಾ."

ಗುಡ್ಡವ್ವನೂ ಹಾಗೇ ಮಾಡೋಣ ಎಂಬಂತೆ ನೋಡಿದಳು. ಹಾಸಿಗೆಯಲ್ಲಿ ಮಲಗಿಸಿಬಿಟ್ಟರೆ ಅವ್ವನಿಗೆ ಗೊತ್ತೇ ಆಗುವುದಿಲ್ಲ. ಮುಂದಿನ ಸಾಲಿನ ಕುರ್ಚಿಯಲ್ಲಿ ಅವ್ವ ಕೂತಿರುತ್ತಾಳೆ. ಶೈಲಶ್ರೀಗೆ ಆ ಕುರ್ಚಿ ಕಣ್ಣಿಗೆ ಕಟ್ಟಿತು. ಹುಸ್ನಾಳ ಪಾದವೂ ಕಂಡಿತು. ಅದು ಎಂದಿನಂತಿರಲಿಲ್ಲ, ಹೊರಕ್ಕೆ ತಿರುಗಿತ್ತು.

"ಅವ್ವಾ, ಲಗೂ ಬಾ. ಹುಸ್ನಾ ಬಿದ್ದಾಳ," ಎಂದು ಕೂಗಿದಳು.

ಅವ್ವ ಹೊಸ ಸೀರೆಯಲ್ಲೇ ನೆಲಕ್ಕೆ ಕೂತಳು. ಕಾಲು ನೋಡಿದಳು, ಅಲುಗದ ಹಾಗೆ ಪಕ್ಕದಲ್ಲಿ ದಿಂಬು ಇಟ್ಟಳು, ಆಂಬುಲೆನ್ಸ್‌ಗೆ ಫೋನ್ ಮಾಡಿದಳು. ದವಾಖಾನೆಗೆ ತಾನೂ ಹೋಗಬೇಕಾಗುತ್ತದೆ, ಶೈಲಶ್ರೀಯನ್ನು ಶಾಲೆಗೆ ಗುಡ್ಡವ್ವ ಕರೆದುಕೊಂಡು ಹೋಗಲಿ ಎಂದಳು.

ಅವ್ವ ಕೈ ಹಿಡಿದದ್ದೇ ತಡ, ಅಷ್ಟು ಹೊತ್ತು ಅಳದೇ ಇದ್ದ ಹುಸ್ನಾ ಬಿಕ್ಕಿ ಬಿಕ್ಕಿ ಅಳತೊಡಗಿದಳು.

ಆ ಅಳು ಶೈಲಶ್ರೀಗೆ ಗೊತ್ತಿತ್ತು. ಓಣಿಯಲ್ಲಿ ಬಿದ್ದು ಮೊಣಕಾಲು ತರಚಿದರೆ ಅವಳೂ ಮನೆತನಕ ಅಳದೇ ಬರುತ್ತಿದ್ದಳು. ಅಳು ಬರುತ್ತಿದ್ದದ್ದು ಅವ್ವನ ಮುಖ ಕಂಡ ಮೇಲೆ.

ಅವಳು ಮೆಲ್ಲಗೆ ಪಕ್ಕಕ್ಕೆ ಸರಿದಳು.

"ಇಲ್ಲಿ ಬಂದು ಕುಂದರು ಅವ್ವಾ," ಎಂದಳು. "ಆಕಿ ತಲಿ ಹತ್ರ."