ಗೋಡೆಯ ಮೇಲಿನ ಎರಡಡಿ

"ನಿಮ್ಮ ಮಂಡೆ ಸಮ ಉಂಟಾ?!"

ಹಾಗೆ ಕೇಳುತ್ತಲೇ ಸುಪ್ರಿತಾ ಸಾಕೆಟ್ಟಿನಿಂದ ಪ್ಲಗ್ಗು ಎಳೆದುಬಿಟ್ಟಳು. ಪ್ಲೈವುಡ್ ಕೊಯ್ಯುತ್ತಿದ್ದ ಕಟ್ಟರ್ ಮಿಷನ್ ಅರ್ಧಕ್ಕೇ ನಿಂತಿತು.

ಮಿಷನ್ ಹಿಡಿದವನು ನಿಧಾನಕ್ಕೆ ಕನ್ನಡಕ ತೆಗೆದ. ತಲೆ, ಹುಬ್ಬು, ಮೀಸೆ ಎಲ್ಲ ಮರದ ಹುಡಿ.

"ಯಾರು ನೀವು?"

"ಪಕ್ಕದ ಬಾಗಿಲಿನವಳು! ಅಷ್ಟು ದೊಡ್ಡ ಬೋರ್ಡು ಕಾಣುದಿಲ್ವಾ? ಕಿವಿ ಪರೀಕ್ಷೆ ಮಾಡುವ ಕ್ಲಿನಿಕ್ ಅದು! ನೆಲ್ಯಾಡಿಯಿಂದ ಬಂದ ಅಜ್ಜಿ ಒಳಗೆ ಕೂತು ಸಣ್ಣ ಶಬ್ದ ಕೇಳ್ತದಾ ಅಂತ ಕಿವಿ ಕೊಟ್ಟು ಕೂತಿದ್ದಾರೆ. ನೀವು ಇಲ್ಲಿ ಬೊಬ್ಬೆ ಹೊಡೆಸ್ತಾ ಇದ್ದೀರಿ!"

"ಮರ ಕೊಯ್ಯುವಾಗ ಅದು ಭಜನೆ ಹೇಳುದಿಲ್ಲ ಮೇಡಂ."

ಎಂತ ಅಹಂಕಾರ! ಸುಪ್ರಿತಾಳ ಮೈ ಉರಿಯಿತು.

ಅವನು ಅಷ್ಟಕ್ಕೇ ಬಿಡಲಿಲ್ಲ. ಅವಳ ಹಿಂದೆಯೇ ಬಂದು ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತು, ನಡುಗೋಡೆಗೆ ಅವಳು ಅಂಟಿಸಿದ್ದ ದಪ್ಪ ಸ್ಪಂಜನ್ನು ನೋಡಿದ.

"ಇದು ಯಾರು ಅಂಟಿಸಿದ್ದು?"

"ನಾನೇ. ಯಾಕೆ?"

"ಎಂತಕ್ಕೂ ಆಗುದಿಲ್ಲ. ಧೂಳು ಹಿಡೀತದೆ ಅಷ್ಟೇ."

ಮೂರು ಭಾನುವಾರ ಕೂತು, ಬೆರಳೆಲ್ಲ ಗೋಂದು ಮಾಡಿಕೊಂಡು ಅಂಟಿಸಿದ ಸ್ಪಂಜು! ನೀವೇ ಹೇಳಿ, ಯಾರಿಗೆ ಸಿಟ್ಟು ಬರುದಿಲ್ಲ?

ಗಲಾಟೆ ಕೇಳಿ ಕಟ್ಟಡದ ಯಜಮಾನ ಅಬ್ಬಾಸಾಕ ಓಡಿಬಂದರು. ಇಬ್ಬರನ್ನೂ ಸಮಾಧಾನ ಮಾಡಿ ಒಂದು ತೀರ್ಮಾನ ಕೊಟ್ಟರು. ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ ಮಿಷನ್ ಹಾಕುವಂತಿಲ್ಲ, ಆಮೇಲೆ ಅವನ ಇಷ್ಟ.

ಅವನ ಹೆಸರು ಸೂರಜ್, ಊರು ಮಂಡೆಕೋಲು. ಉಳಿದ ವರದಿ ತಂದವರು ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವ ಲೋಲಾಕ್ಷಿಯಕ್ಕ.

"ಒಂಬತ್ತು ವರ್ಷ ಕ್ರೂಸ್ ಹಡಗಲ್ಲಿ ಕಾರ್ಪೆಂಟರ್ ಆಗಿದ್ದದ್ದಂತೆ. ಒಂದು ಕ್ಯಾಬಿನಿನ ಶಬ್ದ ಪಕ್ಕದ ಕ್ಯಾಬಿನಿಗೆ ಹೋಗದ ಹಾಗೆ ಮಾಡುದೇ ಅವರ ಕೆಲಸ ಅಂತೆ!"

"ಅದಕ್ಕೇ ಓಡಿಸಿರ್ಬೇಕು," ಅಂದಳು ಸುಪ್ರಿತಾ.

ಅವಳ ಈ ಸಿಟ್ಟಿಗೆ ಕಾರಣ ಇಲ್ಲದಿಲ್ಲ. ಮಂಗಳೂರಿನ ಒಂದು ಟ್ರಸ್ಟಿನವರು ಮಕ್ಕಳ ಕಿವಿ ತಪಾಸಣೆಯ ಕೇಂದ್ರವನ್ನು ಪುತ್ತೂರಿನ ಈ ಕ್ಲಿನಿಕ್ಕಿಗೇ ಕೊಡುವ ಆಲೋಚನೆಯಲ್ಲಿದ್ದರು. ಅದು ಸಿಕ್ಕಿದರೆ ಕಡಬದ, ಸುಳ್ಯದ ಅಮ್ಮಂದಿರು ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಿಸಿ ಮಂಗಳೂರಿಗೆ ಹೋಗಬೇಕಾಗಿಲ್ಲ. ಸಿಗದಿದ್ದರೆ ಸುಪ್ರಿತಾಳ ಕ್ಲಿನಿಕ್ಕಿಗೇ ಬೀಗ. ಅವರ ಷರತ್ತು ಒಂದೇ, ಕೋಣೆ ನಿಶ್ಶಬ್ದವಾಗಿರಬೇಕು!

ಸೂರಜ್ ಮಾತಿಗೆ ತಪ್ಪಲಿಲ್ಲ. ಹತ್ತರಿಂದ ಒಂದು ಗಂಟೆ ಸೊಲ್ಲೇ ಇಲ್ಲ. ಆದರೆ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ, ಸುಳ್ಯದಲ್ಲಿರುವ ಅಕ್ಕ ಗಾನಶ್ರೀಗೆ ಅವಳು ಫೋನ್ ಮಾಡಿ "ಹಲೋ ಅಕ್ಕಾ..." ಅಂದರೆ ಸಾಕು...

ಕ್ರ್ರ್ರ್ರ್!

ಫೋನಿಟ್ಟರೆ ಮಿಷನ್ ಬಂದ್. ಎತ್ತಿದರೆ ಮತ್ತೆ ಶುರು. ಒಂದು ದಿನವಲ್ಲ, ಎರಡು ದಿನವಲ್ಲ, ದಿನಾ!

'ಬೇಕು ಬೇಕಂತಲೇ ಮಾಡುದು ಇವನು. ನಾನೆಂತ ಇವನ ಮನೆ ಹಾಳು ಮಾಡಿದ್ದೇನಾ?'

ಒಂದು ಮಂಗಳವಾರ ಮಾತ್ರ ಕರೆಂಟ್ ಇರಲಿಲ್ಲ. ಅಬ್ಬ, ಎಂತ ಸುಖ! ಆ ದಿನ ಸುಪ್ರಿತಾ ಅಕ್ಕನ ಹತ್ತಿರ ಮನಸ್ಸು ಬಿಚ್ಚಿ ಅತ್ತಳು.

"ಹೆದರಿಕೆ ಆಗ್ತದೆ ಅಕ್ಕಾ. ಮಂಗನಬಾವು ಬಂದು ನನ್ನ ಎಡಗಿವಿ ಹೋದದ್ದು ಆ ಟ್ರಸ್ಟಿನವರಿಗೆ ಗೊತ್ತಾದ್ರೆ? ಒಂದು ಕಿವಿ ಕೇಳದವಳ ಹತ್ರ ಮಕ್ಕಳನ್ನು ಯಾರು ಕಳಿಸ್ತಾರೆ? ನಿನಗೂ ಅಮ್ಮನಿಗೂ ಬಿಟ್ರೆ ಯಾರಿಗೂ ಗೊತ್ತಿಲ್ಲ. ಗೊತ್ತಾಗ್ಲೂ ಬಾರದು."

ಹೌದು... ಮೂರನೇ ಕ್ಲಾಸಿನಿಂದ ಅವಳು ಬಚ್ಚಿಟ್ಟುಕೊಂಡು ಬಂದದ್ದು ಅದೊಂದೇ.

ಮರುದಿನ ಮಧ್ಯಾಹ್ನ ಮಿಷನ್ ಮತ್ತೆ ಶುರು.

ಒಂದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಕಡಬದ ಒಬ್ಬಳು ಅಮ್ಮ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದಿದ್ದಳು. ಪರೀಕ್ಷೆ ಮುಗಿಯಿತು. ಮಗುವಿಗೆ ಎರಡೂ ಕಿವಿ ಕೇಳುವುದಿಲ್ಲ ಎಂದು ಸುಪ್ರಿತಾ ಮೆತ್ತಗೆ ಹೇಳಿದಾಗ ಆ ತಾಯಿ ದೊಡ್ಡ ಸ್ವರ ತೆಗೆದು ಅತ್ತಳು.

ಆಗ ಆಚೆಯಿಂದ ಕ್ರ್ರ್ರ್!

ನಿಷೇಧದ ಹೊತ್ತಿನಲ್ಲಿ! ಹೆತ್ತವಳೊಬ್ಬಳು ಅಳುವಾಗ!

ಸುಪ್ರಿತಾ ಅವತ್ತು ಜಗಳಕ್ಕೆ ಹೋಗಲಿಲ್ಲ. ನೇರ ಅಬ್ಬಾಸಾಕನ ಹತ್ತಿರ ಹೋದಳು. "ಅವರಿರ್ಬೇಕಾ, ನಾನಿರ್ಬೇಕಾ, ನೀವೇ ಹೇಳಿ."

ಸಂಜೆಗೆ ಸೂರಜ್‌ಗೆ ನೋಟಿಸು ಹೋಯಿತು. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಅವನು ಒಂದೇ ಒಂದು ಮಾತು ಎದುರಾಡಲಿಲ್ಲವಂತೆ. ಹಳೇ ಹಡಗಿನವರಿಗೆ ಫೋನ್ ಮಾಡಿ ಕೆಲಸ ಉಂಟಾ ಎಂದು ಕೇಳಿದನಂತೆ.

'ಹೋಗ್ಲಿ. ಪೀಡೆ ತೊಲಗಿತು.'

ಹಾಗೆ ಅಂದುಕೊಂಡಳು, ಆದರೆ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಸೋಮವಾರ ಟ್ರಸ್ಟಿನ ಡಾಕ್ಟರ್ ಮಹಾಬಲ ಬಂದರು. ಪಕ್ಕದ ಮಿಷನ್ ಸತ್ತ ಹಾಗೆ ಸುಮ್ಮನಿತ್ತು. ಆದರೂ ಅವರ ಶಬ್ದ ಅಳೆಯುವ ಮೀಟರಿನ ಅಂಕಿ ಇಳಿಯಲೇ ಇಲ್ಲ! ಕೆಳಗಿನ ಬೇಕರಿಯ ಮಿಕ್ಸಿ, ಬಸ್ಸಿನ ಹಾರನ್ನು, ರಸ್ತೆಯಲ್ಲಿ ಯಾರೋ ಕೆಮ್ಮಿದ್ದು... ಎಲ್ಲ ಒಳಗೆ.

"ಎಲ್ಲಿಂದ ಬರ್ತಾ ಉಂಟು ಇದು?" ಎಂದರು ಡಾಕ್ಟರು.

ಅವಳು ಸ್ಪಂಜಿನ ಗೋಡೆ ತೋರಿಸಿದಳು. ಅವರು ತಲೆ ಅಲ್ಲಾಡಿಸಿದರು.

"ಶುಕ್ರವಾರ ಇನ್ನೊಮ್ಮೆ ಬರ್ತೇನಮ್ಮ. ಆಗಲೂ ಹೀಗೇ ಆದ್ರೆ ನಾವು ಬೇರೆ ಜಾಗ ನೋಡ್ಬೇಕಾಗ್ತದೆ."

ಅವರು ಹೋದ ಮೇಲೆ ಸುಪ್ರಿತಾ ಕುರ್ಚಿಯಲ್ಲಿ ಕುಸಿದಳು. ಓಡಿಸಿದ್ದು ಯಾರನ್ನು? ತಪ್ಪು ಯಾರದ್ದು?

ಮಂಗಳವಾರ ಬೆಳಿಗ್ಗೆ ಬಾಗಿಲಲ್ಲಿ ಏಣಿ ಹಿಡಿದು ಸೂರಜ್ ನಿಂತಿದ್ದ. ಲೋಲಾಕ್ಷಿಯಕ್ಕನೇ ಆ ಕಡಬದ ಮಗುವಿನ ವಿಷಯವನ್ನೂ ಹೇಳಿ ಕರೆಸಿದ್ದು.

"ನಿಮ್ಮ ಉಪಕಾರ ಎಂತದೂ ಬೇಡ ನನಗೆ!"

"ನಿಮಗಲ್ಲ. ಆ ಕಡಬದ ಮಗುವಿಗೆ."

ಮಾತು ಮುಗಿಸಿ ಅವನು ಏಣಿ ಹತ್ತಿ, ಫಾಲ್ಸ್ ಸೀಲಿಂಗಿನ ಒಂದು ಹಲಗೆ ಸರಿಸಿ ಇಳಿದ. "ಬಂದು ನೋಡಿ."

ಸುಪ್ರಿತಾ ಹತ್ತಿ ಇಣುಕಿದಳು. ನಡುಗೋಡೆ ಮೇಲಿನ ಸ್ಲ್ಯಾಬಿನವರೆಗೆ ಹೋಗಿಯೇ ಇರಲಿಲ್ಲ! ಎರಡಡಿ ಖಾಲಿ. ಅಲ್ಲಿಂದ ಅವನ ಅಂಗಡಿ, ತೆರೆದ ಶಟರು, ಅದರಾಚೆ ರಸ್ತೆ ಕೂಡ ಕಾಣುತ್ತಿತ್ತು.

"ಹಡಗಿನ ಕ್ಯಾಬಿನಲ್ಲೂ ಹೀಗೇ. ಜನ ಗೋಡೆ ತೆಳ್ಳಗೆ ಅಂತ ಬೈತಾರೆ. ಶಬ್ದ ಬರುದು ಸೀಲಿಂಗಿನ ಮೇಲಿಂದ, ಎರಡು ಕ್ಯಾಬಿನಿನ ನಡುವೆ ಬಾಗಿಲಿದ್ರೆ ಅದರ ಅಡಿಯಿಂದ. ರಾಕ್‌ವೂಲ್ ಅಂತ ಶಬ್ದ ಹೀರುವ ಕಲ್ಲಿನ ಉಣ್ಣೆ ಉಂಟು, ಸಂದಿಗೆ ಅದನ್ನು ತುಂಬಿಸಿ ಎರಡು ಪದರ ಬೋರ್ಡು ಹೊಡೆದ್ರೆ ಮುಗೀತು. ನೀವು ಗೋಡೆಯಿಂದಲೇ ಅಂತ ಎಣಿಸಿದ್ರಿ, ಯಾಕೆಂದ್ರೆ..." ಅವನು ಥಟ್ಟನೆ ನಿಲ್ಲಿಸಿದ.

ಯಾಕೆಂದರೆ ಒಂದೇ ಕಿವಿ ಕೇಳುವವರಿಗೆ ಶಬ್ದ ಯಾವ ದಿಕ್ಕಿನಿಂದ ಬಂತೆಂದು ತಿಳಿಯುವುದಿಲ್ಲ. ಅದು ಸುಪ್ರಿತಾ ಓದಿದ ಪಾಠ, ಬದುಕಿದ ಪಾಠ.

ಅವಳು ಏಣಿಯಿಂದ ಇಳಿದಳು.

"ಹಾಗಾದ್ರೆ... ನಾನು ಇಲ್ಲಿ ಮಾತಾಡಿದ್ದೆಲ್ಲ ನಿಮಗೆ ಕೇಳ್ತಿತ್ತಾ?"

"ಇಲ್ಲ. ನೀವು ಫೋನ್ ತೆಗೆದ ಕೂಡಲೇ ನಾನು ಮಿಷನ್ ಹಾಕ್ತಿದ್ದೆ."

"ಎಂತಕ್ಕೆ?"

"ಹಡಗಿನ ಅಡಿಯ ಅಂತಸ್ತಿನಲ್ಲಿ ಕೆಲಸದವರ ಕ್ಯಾಬಿನ್. ಪಕ್ಕದಲ್ಲಿ ಒಬ್ಬ ಅಡುಗೆಯವ. ದಿನಾ ಹೆಂಡತಿಗೆ ಫೋನ್ ಮಾಡಿ ಅಳ್ತಿದ್ದ. ನನಗೆ ಎಲ್ಲ ಕೇಳ್ತದೆ ಅಂತ ಗೊತ್ತಾದ ಮೇಲೆ ಮುಖ ಕೊಟ್ಟು ಮಾತಾಡ್ತಿರ್ಲಿಲ್ಲ. ಆಮೇಲೆ ಅವನು ಫೋನ್ ತೆಗೆದ್ರೆ ನಾನು ಬಚ್ಚಲಿನ ನಳ್ಳಿ ಬಿಡ್ತಿದ್ದೆ, ಜೋರು. ನಾನು ಕೇಳ್ತಾ ಇಲ್ಲ ಅಂತ ಅವನಿಗೆ ಗೊತ್ತಾಗ್ಲಿ ಅಂತ. ಅಲ್ಲಿ ಎಲ್ಲರೂ ಹಾಗೇ ಮಾಡುದು. ಅದು ಮರ್ಯಾದೆ."

"ಇದು ಹಡಗಲ್ಲ, ಪುತ್ತೂರು!" ಸುಪ್ರಿತಾ ಕಿರುಚಿದಳು. "ಬಾಯಿ ಬಿಟ್ಟು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ಎಂತ ಹೇಳುದು? ನಿಮ್ಮ ಗುಟ್ಟೆಲ್ಲ ನನಗೆ ಕೇಳ್ತದೆ ಅಂತಲಾ? ಆ ಅಮ್ಮ ಅಳುವಾಗಲೂ ಕೈ ತಡೀಲಿಲ್ಲ. ಅದು ನಾನು ಕೇಳುವಂಥದ್ದಲ್ಲ."

ಅವಳಿಗೆ ಒಮ್ಮೆಲೇ ಇನ್ನೊಂದು ನೆನಪಾಯಿತು.

"ಕರೆಂಟ್ ಇಲ್ಲದ ಮಂಗಳವಾರ?"

ಸೂರಜ್ ತಲೆ ತಗ್ಗಿಸಿದ. "ಸುತ್ತಿಗೆ ಹುಡುಕುವಷ್ಟರಲ್ಲಿ ಕೇಳಿ ಆಗಿತ್ತು."

ಈಗ ಒಂದೊಂದೇ ಅರ್ಥವಾಯಿತು. ಆಮೇಲೆ ಮೆಟ್ಟಿಲಲ್ಲಿ ಸಿಕ್ಕಿದಾಗೆಲ್ಲ ಅವನು ಸುತ್ತು ಹಾಕಿ ಅವಳ ಬಲಬದಿಗೇ ಬರುತ್ತಿದ್ದ! ಅವಳು ಅದನ್ನೂ ಸೊಕ್ಕು ಅಂದುಕೊಂಡಿದ್ದಳು. ನಾಚಿಕೆ, ಸಿಟ್ಟು, ಅಳು ಎಲ್ಲ ಒಟ್ಟಿಗೇ ನುಗ್ಗಿತು.

"ಗೊತ್ತಿದ್ದೂ ಸುಮ್ಮನಿದ್ರಾ? ಕರುಣೆಯಾ ನನ್ನ ಮೇಲೆ? ಹೊರಗೆ ಹೋಗಿ!"

"ಕೆಲಸ ಮುಗಿಸಿ ಹೋಗ್ತೇನೆ," ಅಂದ ಅವನು.

ಮೂರು ದಿನ ಅವಳು ಅವನ ಹತ್ತಿರ ಒಂದಕ್ಷರ ಮಾತಾಡಲಿಲ್ಲ. ಚಾ ಕೂಡ ಲೋಲಾಕ್ಷಿಯಕ್ಕನೇ ಕೊಡಬೇಕು. ಆದರೆ ಕಣ್ಣು ಮಾತು ಕೇಳಬೇಕಲ್ಲ? ಮೈಯೆಲ್ಲ ತುರಿಸಿ ಕೆಂಪಾದರೂ ಬಿಡದೆ ಅವನು ಸಂದು ಸಂದಿಗೂ ರಾಕ್‌ವೂಲ್ ತುರುಕುವುದನ್ನು ಅದು ಕದ್ದು ಕದ್ದು ನೋಡುತ್ತಲೇ ಇತ್ತು.

'ಕರುಣೆ ಇದ್ದವನು ಅಯ್ಯೋ ಪಾಪ ಅಂತಿದ್ದ. ಇವನು ಒಂದು ಸಲವಾದರೂ ಅಂದಿದ್ದಾನಾ? ನಾನು ಬೈದಷ್ಟೂ ಬೈಸಿಕೊಂಡ, ಗುಟ್ಟು ಮಾತ್ರ ಬಿಡಲಿಲ್ಲ...'

ಗುರುವಾರ ಸಂಜೆ ಕೆಲಸ ಮುಗಿಯಿತು.

"ಹಡಗಿನವರು ಬರ್ಲಿಕ್ಕೆ ಹೇಳಿದ್ದಾರೆ, ಇವತ್ತೇ ಉತ್ತರ ಕೊಡ್ಬೇಕು," ಅಂದ ಸೂರಜ್, ಏಣಿ ಮಡಚುತ್ತಾ. "ಹೋಗುವ ಮೊದಲು ಒಂದು ಪರೀಕ್ಷೆ. ನಾನು ಆಚೆ ಕೂತ್ಕೊಳ್ತೇನೆ. ನೀವು ಬಾಗಿಲು ಹಾಕಿ ಗಟ್ಟಿ ಮಾತಾಡಿ. ಕೇಳಿದ್ರೆ ಗೋಡೆ ಬಡೀತೇನೆ."

ಅವಳು ಬಾಗಿಲು ಹಾಕಿದಳು. ಡಾಕ್ಟರು ಬಿಟ್ಟುಹೋಗಿದ್ದ ಮೀಟರಿನ ಅಂಕಿ ಇಳಿಯಿತು, ಇಳಿಯಿತು... ಅವರು ಹೇಳಿದ ಮಿತಿಗಿಂತಲೂ ಕೆಳಗೆ ಬಂದು ನಿಂತಿತು. ಮಿಕ್ಸಿಯಿಲ್ಲ, ಹಾರನ್ ಇಲ್ಲ. ಕೇಂದ್ರ ಸಿಕ್ಕಿದ ಹಾಗೆಯೇ!

"ಒಂದು, ಎರಡು, ಮೂರು..."

ಬಡಿತವಿಲ್ಲ.

"ಸೂರಜ್, ನೀವೊಬ್ಬ ದೊಡ್ಡ ಪೆದ್ದ."

ಬಡಿತವಿಲ್ಲ. ಸುಪ್ರಿತಾಳಿಗೆ ಧೈರ್ಯ ಬಂತು.

"ಹಡಗಿಗೆ ಹೋಗ್ಬೇಡಿ."

ಇಲ್ಲ.

"ಹೋಗ್ಬೇಡಿ ಮಾರಾಯ್ರೆ! ನೀವಿಲ್ಲದ್ರೆ ನಾನು ಯಾರ ಹತ್ರ ಜಗಳ ಮಾಡುದು? ನಿಮ್ಮ ಮೇಲೆ ನನಗೆ... ಮನಸ್ಸಾಗಿದೆ! ಕೇಳಿತಾ? ಒಂದು ಸಲ ಬಡೀರಿ!"

ನಿಶ್ಶಬ್ದ. ಇಷ್ಟು ತಿಂಗಳು ಯಾವ ನಿಶ್ಶಬ್ದಕ್ಕಾಗಿ ಹೊಡೆದಾಡಿದಳೋ ಅದೇ ನಿಶ್ಶಬ್ದ. ಈಗ ಅದನ್ನು ತಾಳಲಾಗದೆ ಅವಳು ಗೋಡೆಗೆ ಹಣೆಯಿಟ್ಟು ಅತ್ತುಬಿಟ್ಟಳು.

ಬಾಗಿಲು ತೆರೆಯಿತು. ಸೂರಜ್ ನಗುತ್ತಾ ಬಂದ. "ಎಂತದೂ ಕೇಳ್ಲಿಲ್ಲ! ನಾಳೆ ಡಾಕ್ಟರು ಪಾಸ್ ಮಾಡುದು ಖಂಡಿತ..." ಅವಳ ಮುಖ ನೋಡಿ ಅವನ ನಗು ಮಾಯವಾಯಿತು. "ಎಂತಾಯ್ತು? ಎಂತ ಹೇಳಿದ್ರಿ ಅಷ್ಟು ಹೊತ್ತು?"

"ಬೈದೆ."

"ಬೈದದ್ದಕ್ಕೆ ಅಳು ಯಾಕೆ?"

"ಹೋಗ್ಬೇಡಿ ಅಂತ ಬೈದೆ! ನಿಮ್ಮ ಮೇಲೆ ಮನಸ್ಸಾಗಿದೆ ಅಂತ ಬೈದೆ! ಇಡೀ ಊರಿಗೆ ಕೇಳುವ ಹಾಗೆ ಹೇಳಿದೆ. ನೀವು ಕಟ್ಟಿದ ದರಿದ್ರ ಗೋಡೆ, ಒಂದು ಶಬ್ದವೂ ಆಚೆ ಹೋಗ್ಲಿಲ್ಲ!"

ಸೂರಜ್ ಕಂಬದ ಹಾಗೆ ನಿಂತ. ಕಣ್ಣಂಚು ಒದ್ದೆಯಾಯಿತು.

"ನೋಟಿಸು?"

"ಅಬ್ಬಾಸಾಕನ ಕೈಯಿಂದ ನಾನೇ ವಾಪಸ್ ತೆಗೆಸ್ತೇನೆ."

"ಮಿಷನ್?"

"ದಿನವಿಡೀ ಕೊಯ್ಯಿರಿ. ಈಚೆ ಬರುದಿಲ್ವಲ್ಲ."

"ಮತ್ತೆ ಮಧ್ಯಾಹ್ನ, ನೀವು ಅಕ್ಕನ ಹತ್ರ ಮಾತಾಡುವಾಗ... ನಾನೆಂತ ಮಾಡುದು?"

ಸುಪ್ರಿತಾ ಕಣ್ಣೊರೆಸಿಕೊಂಡಳು.

"ಈಚೆ ಬಂದು ಪಕ್ಕದಲ್ಲಿ ಕೂತ್ಕೊಳ್ಳಿ."

"ಎಲ್ಲ ಕೇಳ್ತದೆ ಮತ್ತೆ."

"ಕೇಳ್ಲಿ," ಅಂದಳು ಅವಳು.